ಪತ್ತಾರರ ಮನೆಯ ಕಸ

ನನ್ನ ಅತ್ತೆಯ ಮನೆಯಲ್ಲಿ ಕಸಕ್ಕಿದ್ದ ಮರ್ಯಾದೆ ಹೊಸ ಸೊಸೆಗೆ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಬೆಟಗೇರಿಯ ಆ ಮನೆ ಪತ್ತಾರರದು, ಅಂದರೆ ಬಂಗಾರದ ಕೆಲಸ ಮಾಡುವವರದು. ಮಾವ ಪಡಸಾಲೆಯಲ್ಲಿ ಕೂತು ಬಳೆ, ಬೋರಮಾಳಗಳನ್ನು ಅರದಿಂದ ತಿಕ್ಕುತ್ತಿದ್ದರು. ಆ ಪಡಸಾಲೆಯಿಂದ ಯಾರೂ ಸುಮ್ಮನೆ ಎದ್ದು ಬರುವಂತಿರಲಿಲ್ಲ. ಧೋತರ ಜಾಡಿಸಬೇಕು, ಅಂಗಾಲು ಒರೆಸಿಕೊಳ್ಳಬೇಕು. ಕೈ ತೊಳೆದ ನೀರನ್ನು ಚೆಲ್ಲಬಾರದು. ಕೂತ ಚಾಪೆ ಹರಿದರೆ ಎಸೆಯುವಂತಿಲ್ಲ, ಸುಟ್ಟು ಬೂದಿಯನ್ನು ಎತ್ತಿಡಬೇಕು. ನನ್ನ ತವರಿನಿಂದ ಬಂದ ಪಾತ್ರೆಗಳನ್ನು ಯಾರೂ ಇಷ್ಟು ಜೋಪಾನ ಮಾಡಲಿಲ್ಲ.

ಈ ಕಾನೂನುಗಳನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಪತ್ತಾರರ ಕುಲದಲ್ಲೇ ಹುಟ್ಟಿದವಳಿಗೆ ಹೇಳುವುದೇನಿದೆ ಅಂದುಕೊಂಡಿರಬೇಕು. ಆದರೆ ಲಕ್ಷ್ಮೇಶ್ವರದ ನಮ್ಮಪ್ಪ ಸಾಲಿ ಮಾಸ್ತರ. ಅವರ ಕೈಗೆ ಹತ್ತಿದ ಪುಡಿ ಅಂದರೆ ಸೀಮೆಸುಣ್ಣದ್ದು. ನನ್ನ ಹತ್ತಿರ ಇದ್ದದ್ದು ಒಂದು ಕನ್ನಡ ಬಿ.ಎ. ಮತ್ತು ಸ್ವಚ್ಛತೆಯ ಹುಚ್ಚು. ಆಗಷ್ಟೇ ಗದಗ ಹೊಸ ಜಿಲ್ಲೆಯಾಗಿತ್ತು. ಓಣಿಯವರೆಲ್ಲ ಎದೆ ಉಬ್ಬಿಸಿಕೊಂಡು "ನಾವೀಗ ಜಿಲ್ಲಾದವರು" ಅನ್ನುತ್ತಿದ್ದರು. ನಳಕ್ಕೆ ಮಾತ್ರ ಆ ಖಬರು ಮುಟ್ಟಿರಲಿಲ್ಲ. ಅದರಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ಬಂದರೆ ನಮ್ಮ ಪುಣ್ಯ.

ಮದುವೆಯಾದ ಎರಡನೆಯ ವಾರ, ಒಂದು ಶುಕ್ರವಾರ ಮುಂಜಾನೆ, ಅತ್ತೆ ಮಾವ ಗುಡಿಗೆ ಹೋಗಿದ್ದರು. ನನ್ನ ಗಂಡ ಗಿರಾಕಿಯೊಬ್ಬರ ಕೆಲಸಕ್ಕೆಂದು ಮುಂಡರಗಿಗೆ ಹೋಗಿದ್ದ. ಮನೆಯಲ್ಲಿದ್ದಿದ್ದರೂ ಬಾಯಿ ಬಿಡುವ ಪೈಕಿ ಅಲ್ಲ. ನಾನು ಪಡಸಾಲೆಗೆ ಕಸಬರಿಗೆ ಹಾಕಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. ಮೂಲೆಯಲ್ಲಿ ಒಂದು ಎಣ್ಣೆ ಡಬ್ಬಿಯ ತುಂಬ ಧೂಳು, ಕೂದಲು, ಇದ್ದಿಲ ಪುಡಿ. ಇದನ್ನೂ ಕೂಡಿಟ್ಟಿದ್ದಾರಲ್ಲ, ಎಂಥ ಹೊಲಸು ಮಂದಿಯ ಕೈಗೆ ಸಿಕ್ಕೆ ಎಂದು ಗೊಣಗಿಕೊಂಡು, ಗುಡಿಸಿದ್ದನ್ನೂ ಡಬ್ಬಿಯಲ್ಲಿದ್ದದ್ದನ್ನೂ ಮನೆಮುಂದಿನ ಗಟಾರಕ್ಕೆ ಸುರುವಿದೆ. ಮೇಲೆ ಒಂದು ಕೊಡ ನೀರೂ ಹೊಯ್ದೆ. ಆಮೇಲೆ ನೆಲಕ್ಕೆ ಫಿನೈಲ್ ಹಾಕಿ ಒರೆಸಿ, ಹೊಗಳಿಸಿಕೊಳ್ಳಲು ಕಾಯುತ್ತ ಕೂತೆ.

ಅತ್ತೆ ಬಂದವರು ಮೂಲೆ ನೋಡಿದರು, ಖಾಲಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಕಸ ಎಲ್ಲೈತಿ?"

"ಗಟಾರಕ್ಕ ಹಾಕಿದೆರಿ ಅತ್ತಿ. ನೀರೂ ಹೊಯ್ದೀನಿ."

"ನೀರ ಬ್ಯಾರೆ ಹೊಯ್ದೀ." ಅತ್ತೆ ಹೊಸ್ತಿಲಲ್ಲೇ ಕೂತರು. "ಅದು ನಮ್ಮ ಕಸ ಅಲ್ಲವ್ವಾ. ಜಾಲಗಾರ ಖಾಲಾಂದು. ನಾಳೆ ಒಯ್ಯಾಕ ಬರಾಕಿದ್ಲು."

ಜಾಲಗಾರ ಅಂದಕೂಡಲೇ ನನ್ನ ಬಿ.ಎ. ಮೈಕೊಡವಿ ಎದ್ದಿತು. ಬೆಟಗೇರಿಯಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಬಲೆ ಹಾಕುವವರು ಎಲ್ಲಿಂದ ಬಂದರು ಎಂದು ಕೇಳಿಯೂಬಿಟ್ಟೆ. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಸಂಜೆಯವರೆಗೆ ಅವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಬಿಡಿಸಿ ಹೇಳಿದವರು ಅತ್ತೆ. ಅಕ್ಕಿಯನ್ನು ನೀರಿನಲ್ಲಿ ತೂಗಿ ಕಲ್ಲು ಬೇರೆ ಮಾಡುವುದಕ್ಕೆ ಜಾಲಿಸುವುದು ಅನ್ನುತ್ತೇವಲ್ಲ, ಅದೇ ಮಾತು. ಧೂಳನ್ನು ಮರಿಗೆಯಲ್ಲಿ, ಅಂದರೆ ಅಗಲವಾದ ಮರದ ಬೋಗುಣಿಯಲ್ಲಿ ಹಾಕಿ, ನೀರು ಕೊಟ್ಟು ತೂಗಿದರೆ ಹಗುರಾದ ಮಣ್ಣು ಹರಿದುಹೋಗುತ್ತದೆ, ಭಾರದ ಬಂಗಾರ ತಳದಲ್ಲಿ ಉಳಿಯುತ್ತದೆ. ಹಾಗೆ ಮಾಡುವವರೇ ಜಾಲಗಾರರು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕವ್ವ, ಎಂದು ಕರೆಯುವ ಈಕೆಯ ಹಿರಿಯರು ಹಿಂದೆ ಡೋಣಿ, ಸೊರಟೂರ ಕಡೆಯ ಹಳ್ಳಗಳಲ್ಲಿ, ಮಳೆ ನಿಂತ ಮೇಲೆ, ಕಪ್ಪತಗುಡ್ಡದಿಂದ ಇಳಿದು ಬಂದ ಉಸುಕನ್ನು ಜಾಲಿಸಿ ಬಂಗಾರ ತೆಗೆಯುತ್ತಿದ್ದರಂತೆ. ಹಳ್ಳದಲ್ಲಿ ಹೊಟ್ಟೆ ತುಂಬದಾದಾಗ ಉಸುಕು ಬಿಟ್ಟು ನಮ್ಮಂಥವರ ಕಸ ಹಿಡಿದರು. ಮಾವನ ಅಪ್ಪನ ಕಾಲದಿಂದಲೂ ಕರಾರು ಒಂದೇ. ಅರ ಹಾಕುವಾಗ ಮಣೆಯ ಮೇಲೆ ಬಿದ್ದ ಪುಡಿ ಪತ್ತಾರರದು, ಮಣೆ ದಾಟಿ ನೆಲಕ್ಕೆ ಬಿದ್ದದ್ದು ಜಾಲಗಾರರದು. ಅಕ್ಕಸಾಲಿಗ ಅಕ್ಕನ ಬಂಗಾರವನ್ನೂ ಬಿಡುವುದಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ನಮ್ಮ ಮಾವ ಅಕ್ಕನದನ್ನು ಬಿಟ್ಟಿದ್ದರೋ ಇಲ್ಲವೋ ನಾನರಿಯೆ, ಕಸವನ್ನಂತೂ ಮುಟ್ಟಿದವರಲ್ಲ.

"ಆತು ಬಿಡ್ರಿ, ಮುಂದಿನ ತಿಂಗಳ ಒಯ್ಯಲಿ," ಅಂದೆ. ತಪ್ಪು ಮಾಡಿದಾಗಲೇ ನನಗೆ ನಾಲಿಗೆ ಉದ್ದವಾಗುತ್ತದೆ.

"ಬರೂ ಗುರುವಾರ ಆಕಿ ಮಗಳ ನಿಕಾ ಐತಿ," ಅಂದರು ಅತ್ತೆ.

ಖಾಲಾ ಮೂರು ವರ್ಷದಿಂದ ನಮ್ಮ ಕಸದಲ್ಲಿ ಬಂದ ಬಂಗಾರವನ್ನು ಮಾವನ ಹತ್ತಿರವೇ ಕೂಡಿಡುತ್ತ ಬಂದಿದ್ದಳು, ಮಗಳ ನತ್ತಿಗೆಂದು. ಇನ್ನು ಕಡಿಮೆ ಇದ್ದದ್ದು ಒಂದು ಗುಂಜಿ, ಅಂದರೆ ಒಂದು ಗುಲಗಂಜಿ ಬೀಜದ ತೂಕ. ಲಗ್ನದ ಹಂಗಾಮಿನಲ್ಲಿ ಮಾವನ ಅರಕ್ಕೆ ಬಿಡುವಿರಲಿಲ್ಲ. ಆ ಗುಂಜಿ ಡಬ್ಬಿಯ ಧೂಳಿನಲ್ಲಿ ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನು ನತ್ತು ಇಟ್ಟುಕೊಂಡು ಮದುವೆಯಾಗಿ ಇನ್ನೂ ಹದಿನೈದು ದಿನವಾಗಿರಲಿಲ್ಲ.

ಹೇಳಿಕಳಿಸಿದ್ದಕ್ಕೆ ಖಾಲಾ ಮರಿಗೆ ಹೊತ್ತುಕೊಂಡೇ ಬಂದಳು. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು, ಬಾಯಲ್ಲಿ ತಂಬಾಕು. ಬೈಯುತ್ತಾಳೆಂದು ನಾನು ತಯಾರಾಗಿ ನಿಂತಿದ್ದೆ. ತಿರುಗಿ ಅನ್ನಲು ಎರಡು ಮಾತನ್ನೂ ಹೊಂದಿಸಿಟ್ಟುಕೊಂಡಿದ್ದೆ. ಆಕೆ ಗಟಾರದ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನೋಡಿದಳು.

"ಯಾವಾಗ ಹೊಯ್ದಿ?"

"ಒಂದ ತಾಸು ಆತ್ರಿ."

"ಬಂಗಾರ ಜಡ ಇರತೈತಿ ಬೇಟಿ, ನಿನ್ನಂಗ ಅವಸರದ್ದಲ್ಲ. ಭಾಳ ದೂರ ಹೋಗಿರಂಗಿಲ್ಲ. ಸೀರಿ ಎತ್ತಿ ಕಟ್ಟು."

ಕೈ ಕೆಸರಾದರೆ ಬಾಯಿ ಮೊಸರು ಅಂದವರು ಯಾರೋ ಗೊತ್ತಿಲ್ಲ, ಬೆಟಗೇರಿಯ ಗಟಾರವನ್ನು ಅವರು ನೋಡಿರಲಿಕ್ಕಿಲ್ಲ. ನಾನು ಕೆಸರು ಬಾಚಿ ಬುಟ್ಟಿಗೆ ತುಂಬಿದೆ, ಖಾಲಾ ಜಾಲಿಸಿದಳು. ಓಣಿಯೇ ನೆರೆಯಿತು. "ಹೊಸ ಸೊಸಿಗೆ ಮನೀ ಕೆಲಸ ಸಾಲವಲ್ದು ಕಾಣತೈತಿ" ಎಂದು ಎದುರು ಮನೆಯಾಕೆ ಅಂದಳು. ಮೂಗು ಮುಚ್ಚಿಕೊಂಡೇ ಅಂದಳು, ಆದರೂ ಎಲ್ಲರಿಗೂ ಕೇಳಿಸಿತು.

ಕೆಸರಿನದು ಒಂದು ಕಷ್ಟವಾದರೆ ನೀರಿನದು ಹತ್ತು. ಮರಿಗೆ ನೀರು ಕುಡಿದದ್ದೇ ಕುಡಿದದ್ದು. ಮಧ್ಯಾಹ್ನಕ್ಕೆ ಒಂದು ಬ್ಯಾರಲ್ ತಳ ಕಂಡಿತು, ಇಳಿಹೊತ್ತಿಗೆ ಎರಡನೆಯದು. ಬಳಸಿದ ನೀರನ್ನೇ ತಿಳಿಯಾಗಿಸಿ ಮತ್ತೆ ಬಳಸಿದೆವು. ನಳ ಬರಲು ಇನ್ನೂ ಆರು ದಿನವಿತ್ತು. ಅತ್ತೆ ಗೊಣಗಲಿಲ್ಲ, ಕೊಡದ ಮೇಲೆ ಕೊಡ ತಂದು ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿ ನನಗೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಖಾಲಾಳ ರಟ್ಟೆ ಸೋತಾಗ ನಾನು ಮರಿಗೆ ಹಿಡಿದೆ. ಅಕ್ಕಿಯ ರೂಢಿಯಲ್ಲಿ ಜೋರಾಗಿ ತೂಗಿದೆ.

"ಹಂಗ ಅಲ್ಲ," ಎಂದು ಖಾಲಾ ನನ್ನ ಮಣಿಕಟ್ಟು ಹಿಡಿದಳು. "ಅಡಿಗಿಮನ್ಯಾಗ ತಳಕ್ಕ ಉಳದದ್ದ ಚೆಲ್ಲತಿ. ಇಲ್ಲೆ ತಳಕ್ಕ ಉಳದದ್ದಷ್ಟ ನಮ್ಮದು. ಮೆಲ್ಲಕ."

ಸಂಜೆ ಐದಕ್ಕೆ ಗಟಾರ ನಮ್ಮ ಅಡಿಗೆಮನೆಗಿಂತ ಸ್ವಚ್ಛವಾಗಿತ್ತು. ತಳದಲ್ಲಿ ಉಳಿದ ಹಳದಿ ಪುಡಿಯನ್ನು ಮಾವ ಸಣ್ಣ ತಕ್ಕಡಿಯಲ್ಲಿ ತೂಗಿದರು. ಅರ್ಧ ಗುಂಜಿ. ಉಳಿದರ್ಧ ಓಣಿಯ ಕೊನೆ ದಾಟಿ ದೊಡ್ಡ ಚರಂಡಿ ಸೇರಿತ್ತು. ನಾನು ಅಳತೊಡಗಿದೆ. ನಾಚಿಕೆಗೇ ಅತ್ತದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಅತ್ತೆ ಒಳಗೆ ಹೋಗಿ, ತಮ್ಮ ಮುರಿದ ಬೆಂಡೋಲೆಯ ಚೂರೊಂದನ್ನು ತಂದು ಖಾಲಾಳ ಮುಂದೆ ಹಿಡಿದರು. ಖಾಲಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಕ್ಕಾರ. ಕಸದಾಗ ಬಂದದ್ದು ನಂದು, ಅದಕ್ಕ ಯಾರ ಮುಲಾಜೂ ಇಲ್ಲ. ಕೊಟ್ಟದ್ದರ ನತ್ತು ಇಟ್ಟರ ನನ್ನ ಮಗಳ ಮೂಗು ಕಡೀತನಕ ನಿಮ್ಮನೀ ಕಡೆ ಬಾಗಿರತೈತಿ."

"ಹುಡುಗಿ ಬರೇ ಮೂಗಿಲೆ ಹೋಗತೈತ್ಯಲ್ಲವ್ವಾ."

"ಹೋಗಲಿ. ನಾನೂ ಹಂಗ ಹೋಗಿದ್ದೆ," ಎಂದು ಆಕೆ ಮರಿಗೆ ತೊಳೆಯಲು ಕೂತಳು. ಅತ್ತೆ ಬೆಂಡೋಲೆಯ ಚೂರನ್ನು ಸೆರಗಿಗೆ ಕಟ್ಟಿಕೊಂಡರು.

ಆಗ ಪಡಸಾಲೆಯಲ್ಲಿ ಅರದ ಸದ್ದು ಕೇಳಿತು. ಮಾವ ತಮ್ಮ ಜಾಗದಲ್ಲಿ ಕೂತಿದ್ದರು. ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಅವರ ಬಲಗೈಯ ಬೆರಳಿಗೆ ಎಣ್ಣೆ ಬಳಿದುಕೊಂಡದ್ದು ಹೊಳೆಯುತ್ತಿತ್ತು, ಅದರಲ್ಲಿ ಯಾವಾಗಲೂ ಇರುತ್ತಿದ್ದ ಬಂಗಾರದ ಉಂಗುರವನ್ನು ಕಳಚಿ ಎಡಗೈಯಲ್ಲಿ ಹಿಡಿದಿದ್ದರು. ಅದಕ್ಕೆ ಅರ ಹಾಕುತ್ತಿದ್ದರು, ಬರಿ ನೆಲದ ಮೇಲೆ. ಸಾಕಷ್ಟು ಹೊತ್ತು ಹಾಕಿದರು. ಆಮೇಲೆ ಕೈಯನ್ನು ಧೋತರದಲ್ಲಿ ಅಡಗಿಸಿಕೊಂಡು ಬೆಳಗಿನಿಂದ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಸೊಸಿ, ಕಸ ಹೊಡಿ."

"ಮುಂಜಾನಿ ಹೊಡದೀನ್ರಿ ಮಾವ," ಅಂದೆ. ನನ್ನ ದಡ್ಡತನಕ್ಕೆ ಆ ದಿನ ರಜೆ ಇರಲಿಲ್ಲ.

"ಮತ್ತೊಮ್ಮೆ ಹೊಡಿ."

ಮೊಣಕಾಲೂರಿ, ಉಸಿರು ಬಿಗಿಹಿಡಿದು, ಕಾಗದದ ಮೇಲೆ ಅಷ್ಟನ್ನೂ ಬಳಿದುಕೊಂಡೆ. ಹೊರಗೆ ಒಯ್ದು ಖಾಲಾಳ ಮರಿಗೆಗೆ ಹಾಕಿದೆ. "ಪಡಸಾಲ್ಯಾಗ ಇಷ್ಟು ಉಳದಿತ್ರಿ," ಅಂದೆ. ಅದು ಖರೆಯೂ ಆಗಿತ್ತು. ಅತ್ತೆ ಕುಡಿಯಲು ತೆಗೆದಿಟ್ಟಿದ್ದ ಕೊಡದಿಂದ ಒಂದು ತಂಬಿಗೆ ನೀರು ಕೊಟ್ಟರು. ಖಾಲಾ ಎರಡೇ ಸಲ ತೂಗಿದಳು. ಹರಿದುಹೋಗಲು ಅದರಲ್ಲಿ ಮಣ್ಣೇ ಇರಲಿಲ್ಲ. ಆಕೆ ಮರಿಗೆಯ ತಳವನ್ನು ನೋಡಿದಳು, ಆಮೇಲೆ ಒಳಗೆ ಕೂತ ಮಾವನ ಕಡೆ ನೋಡಿದಳು.

ಒಳಗೆ ಬಂದು ತಕ್ಕಡಿಯನ್ನು ತಾನೇ ಹಿಡಿದಳು. ಕಡಿಮೆ ಬಿದ್ದಿದ್ದ ಅರ್ಧ ಗುಂಜಿಯನ್ನು ಸರಿಯಾಗಿ ತೂಗಿ ಮಾವನ ಮುಂದಿಟ್ಟಳು. ಇನ್ನೂ ಅಷ್ಟೇ ಪುಡಿ ಉಳಿದಿತ್ತು. ಅದನ್ನು ಅಂಗೈಯಲ್ಲಿ ಹಿಡಿದು, ಬಗ್ಗಿ, ನೆಲದ ಮೇಲೆ ಉದುರಿಸಿ ಕೈ ಜಾಡಿಸಿಕೊಂಡಳು.

"ಇದು ಮುಂದಿನ ಸಲದ ಕಸ, ಪತ್ತಾರಣ್ಣಾ," ಅಂದಳು. "ಇರಲಿ ಇಲ್ಲೆ."

ಮಾವ ತಲೆಯೆತ್ತಲಿಲ್ಲ. ಮಣೆಯನ್ನು ಎಳೆದುಕೊಂಡು, ಇದ್ದಿಲಿಗೆ ಬೆಂಕಿ ಮಾಡಿಕೊಂಡು, ಹುಡುಗಿಗೆ ನತ್ತು ಎಷ್ಟು ಅಗಲ ಬೇಕು ಎಂದು ಕೇಳಿದರು.