ಬೆಟ್ಟದಿಂದ ಕಂಡ ಸಮುದ್ರ

ಸುಮಾ, ನಿನ್ನ ಅಮ್ಮ ಪ್ರಾಣ ಬಿಡುವಾಗ ನಾನು ಅವರ ಬಾಯಿಗೆ ಬಿಟ್ಟದ್ದು ಸಮುದ್ರದ ನೀರಲ್ಲ. ನಲ್ಲಿ ನೀರು — ಅದಕ್ಕೆ ಉಪ್ಪು ಬೆರೆಸಿದವನು ನಾನೇ.

ತೊಂಬತ್ತರ ದಶಕದಲ್ಲಿ, ಅಮೆರಿಕದ ಸ್ಟರ್ಲಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿನ್ನ ಬಾಣಂತನ ಮುಗಿಸಿ ಅತ್ತೆ ಗದಗಿಗೆ ಹೊರಟು ನಿಂತಿದ್ದರು. ಹುಟ್ಟಿದಾಗಿನಿಂದ ಸಮುದ್ರವನ್ನೇ ನೋಡದವರು, ಕೇಳಿದ್ದು ಅದೊಂದನ್ನೇ. ನೀರು ತುಂಬಿಕೊಳ್ಳಲು ಬಾಟಲಿಯನ್ನೂ ತೊಳೆದಿಟ್ಟಿದ್ದರು. ಶನಿವಾರ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಆಫೀಸಿನ ಗೆಳೆಯರು ಬ್ಲೂ ರಿಡ್ಜ್ ಬೆಟ್ಟ ಹತ್ತೋಣ ಎಂದರು. ನನಗೂ ಅದೇ ಬೇಕಿತ್ತು. ಬೆಟ್ಟದಿಂದ ಸಮುದ್ರ ಕಾಣುತ್ತದೆ ಎಂದು ಸುಳ್ಳು ಹೇಳಿ ಅತ್ತೆಯನ್ನು ಕಾರು ಹತ್ತಿಸಿದೆ.

ಸೀರೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಬೆಟ್ಟದ ಏರುದಾರಿಯಲ್ಲಿ ನಮ್ಮ ಹಿಂದೆಯೇ ನಡೆದರು. ಪೂರ್ವಕ್ಕೆ, ಬಯಲಿನ ಆಚೆ, ನೀಲಿ ಮಂಜು ಉದ್ದಕ್ಕೂ ಕೂತಿತ್ತು. "ಅದೇ ಅತ್ತೆ, ಸಮುದ್ರ" ಅಂದೆ — ಅಷ್ಟು ಸುಲಭವಾಗಿ! ಅವರು ಚಪ್ಪಲಿ ಬಿಟ್ಟು ಕೈ ಮುಗಿದರು.

"ಎಲ್ಲಾ ಸಮುದ್ರ ಒಂದ ಅಲ್ಲೇನ್ರಿ ಅಳಿಯಾರ, ಗಂಗಾತಾಯಿನೂ ಅದರಾಗ ಅದಾಳ. ಒಂದೀಟು ನೀರು ತರಾಕ ಆಗ್ತೈತೇನ್ರಿ?"

ಆಗಲಾದರೂ ನಿಜ ಹೇಳಬಹುದಿತ್ತು... ಬಾಟಲಿ ಇಸಿದುಕೊಂಡೆ. "ನೀವಿಲ್ಲೇ ಕೂತಿರಿ, ನಾನು ಇಳಿದು ತರ್ತೀನಿ."

ಕಾರು ನಿಲ್ಲಿಸಿದ್ದಲ್ಲಿ ಒಂದು ನಲ್ಲಿಯಿತ್ತು. ತುಂಬಿಸಿ, ಸೌತೆಕಾಯಿಗೆಂದು ನೀನು ಕಟ್ಟಿಕೊಟ್ಟಿದ್ದ ಉಪ್ಪನ್ನು ಸುರಿದು ಕುಲುಕಿದೆ. "ಸಾಲ್ಟ್ ಕರೆಕ್ಟಾಗಿ ಹಾಕಿದ್ಯಾ, ಗುರು?" ಎಂದು ಜೊತೆಗೆ ಇಳಿದಿದ್ದ ಗೆಳೆಯ ನಕ್ಕ. ನಾನೂ ನಕ್ಕೆ. ದೂರ ಹೋಗಿ ಬಂದಂತೆ ಕಾಣಲಿ ಎಂದು ಕಾರಿನಲ್ಲಿ ಹಾಡು ಕೇಳುತ್ತ ಕೂತಿದ್ದು ಬೇರೆ — ಥೂ, ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ. ಮೇಲೆ ಹತ್ತಿ ಬಂದು ಬಾಟಲಿ ಕೊಟ್ಟಾಗ ಅತ್ತೆ ಬೆರಳದ್ದಿ ನಾಲಿಗೆಗಿಟ್ಟುಕೊಂಡರು. ಕಣ್ಣು ತುಂಬಿತ್ತು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಅಂದರು.

ಸಮುದ್ರಕ್ಕೆ ಇಳಿದು ತಂದೆನೆಂದು ನಿನಗೂ ಹೇಳಿದೆ. ಹಸುಗೂಸಿನ ಗಡಿಬಿಡಿಯಲ್ಲಿ ನೀನು ಹೆಚ್ಚು ಕೇಳಲಿಲ್ಲ.

ವರ್ಷಗಳ ನಂತರ ಗದಗಿನಲ್ಲಿ, ಮಾತು ನಿಂತ ಮೇಲೆ, ಅವರು ಕಣ್ಣಲ್ಲೇ ಆ ಬಾಟಲಿ ತೋರಿಸಿದರು. ತಂದವರೇ ಬಿಡಲಿ ಎಂದು ನೀನು ಚಮಚವನ್ನು ನನ್ನ ಕೈಗಿತ್ತೆ. ಬಿಟ್ಟೆ. ಕೈ ನಡುಗಲಿಲ್ಲ ಸುಮಾ — ನನಗೆ ಎಲ್ಲಕ್ಕಿಂತ ಹೇಸಿಗೆ ಅದೇ. ವಯಸ್ಸು ಚಿಕ್ಕದಿತ್ತು ಎನ್ನಲೇ, ತಮಾಷೆ ಎನ್ನಲೇ... ಬೇಡ, ಏನೂ ಅನ್ನುವುದಿಲ್ಲ.

ಮಿಕ್ಕ ನೀರು ನಮ್ಮ ದೇವರ ಮನೆಯಲ್ಲಿದೆ. ದೀಪ ಹಚ್ಚಿ ನೀನು ದಿನವೂ ಅದಕ್ಕೆ ಕೈ ಮುಗಿಯುತ್ತೀ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನಾಳೆ ಕೈ ಮುಗಿಯುವ ಮೊದಲು ಇದನ್ನು ಓದು.