ಹಣೆಯಿಲ್ಲದ ಕಾರು

ಎತ್ತು ಕೊಟ್ಟು ಕಾರು ತಂದವನು ಎಂದು ಹೊಳೆನರಸೀಪುರದಲ್ಲಿ ನನಗೊಂದು ಹೆಸರು ಬಿದ್ದಿತ್ತು. ಅದು ಸುಳ್ಳಲ್ಲ. ಮಲ್ಲಿಪಟ್ಟಣದ ಆಚೆ ಕಾಫಿ ತೋಟದ ಸಾಹುಕಾರರ ಮನೆಯಲ್ಲಿ ಒಂದು ಹಳೆಯ ಕಾರು ಕೆಟ್ಟು, ಕೊಟ್ಟಿಗೆ ಸೇರಿ, ಕೋಳಿಗಳ ಪಾಲಾಗಿತ್ತು. ಸೋದರಮಾವ ನನಗೆಂದು ಕೊಟ್ಟಿದ್ದ ಜೋಡಿ ಹೋರಿಗಳನ್ನು ಅವರಿಗೆ ಒಪ್ಪಿಸಿ ನಾನು ಆ ಕಾರನ್ನು ತಂದೆ. ಅರಕಲಗೂಡಿನ ಮೇಲೆ ಊರಿನವರೆಗೂ ಅದನ್ನು ಎಳೆದದ್ದು ಅದೇ ಹೋರಿಗಳೇ. ಎಳೆದು ತಂದು ನಿಲ್ಲಿಸಿ, ನಮ್ಮನೆಯ ಬಾಗಿಲಲ್ಲಿ ನೀರು ಕುಡಿದು, ಹೊಸ ಯಜಮಾನನ ಆಳಿನ ಜೊತೆ ವಾಪಸು ಹೋದವು. ಅಂಗಡಿ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದುಕೊಂಡೆ. ನನಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೆ ಕೋಪ ಪೂರ್ತಿ ಬಂದಿತ್ತು.

ನಮ್ಮದು ಅಕ್ಕಿ ಗಿರಣಿಯ ಮನೆ. ಅಪ್ಪ ತೀರಿಕೊಂಡ ಮೇಲೆ ಎಲ್ಲವೂ ಅಣ್ಣನ ತಲೆಯ ಮೇಲಿತ್ತು. ನಾನು ಗಿರಣಿಯ ಹಿಂದಿನ ಷೆಡ್ಡಿನಲ್ಲಿ ಕಾರನ್ನಿಟ್ಟುಕೊಂಡು ಅದರೊಳಗೇ ಬದುಕತೊಡಗಿದೆ. ನನಗೆ ಬೇಕಿದ್ದದ್ದು ಊರೂರು ಸುತ್ತುವ ಕಾರಲ್ಲ. ನಿಂತಲ್ಲಿಂದ ಒಂದೇ ಏಟಿಗೆ ಹಾರುವ ಕಾರು. ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ, ನೆಟ್ಟಗಿರುವ ರಸ್ತೆಯಲ್ಲಿ ಎರಡು ಫರ್ಲಾಂಗು ಓಡಿಸುವುದು. ತಿರುವು ಇಲ್ಲ, ಏರು ಇಲ್ಲ, ಮೊದಲು ಮುಟ್ಟಿದವನು ಗೆದ್ದ. ಈ ಹುಚ್ಚನ್ನು ನನಗೆ ಹಿಡಿಸಿದವನು ಅದೇ ಸಾಹುಕಾರರ ಮಗ. ಅವನು ಬೆಂಗಳೂರಿನಲ್ಲಿ ಓದುತ್ತಿದ್ದ, ಬಿಳಿಯರ ಹುಡುಗರು ಹೀಗೆ ಪಂದ್ಯ ಕಟ್ಟುವುದನ್ನು ಕಂಡಿದ್ದ. ಅವನ ಹತ್ತಿರ ಹೊಸ ಕಾರಿತ್ತು. ನನ್ನ ಹತ್ತಿರ ಅವನದೇ ಕೊಟ್ಟಿಗೆಯ ಕಸ.

ಆ ಕಸವನ್ನು ನಾನು ಹಗುರ ಮಾಡುತ್ತ ಹೋದೆ. ಮೇಲಿನ ಹೊದಿಕೆ ಕಿತ್ತೆ. ಬಾಗಿಲು ಬಿಚ್ಚಿದೆ. ಹಿಂದಿನ ಸೀಟು ಹೋಯಿತು, ಮಡ್‌ಗಾರ್ಡು ಹೋಯಿತು, ಕೊನೆಗೆ ಎಂಜಿನ್ನಿನ ಮೇಲಿನ ಬಾನೆಟ್ಟನ್ನೂ ತೆಗೆದು ಗೋಡೆಗೆ ಒರಗಿಸಿದೆ. ಎಂಜಿನ್ನು ಬತ್ತಲೆ ನಿಂತಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಇನ್ನಷ್ಟು ಗಾಳಿ ಸಿಗಲಿ ಎಂದು, ಗಿರಣಿಯಲ್ಲಿ ಎಣ್ಣೆ ಹುಯ್ಯುತ್ತಿದ್ದ ಹಿತ್ತಾಳೆಯ ಆಲಿಕೆಯನ್ನು ಅದರ ಬಾಯಿಗೆ ಬೆಸುಗೆ ಹಾಕಿಸಿ, ಆಕಾಶ ನೋಡುವ ಹಾಗೆ ಕೂರಿಸಿದೆ. ಹಾಗೆ ಕೂರಿಸಿದ್ದಕ್ಕೆ ನನಗೆ ಎಷ್ಟು ಜಂಬವಿತ್ತೆಂದರೆ, ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲು ಕೂಪನ್ನಿಗೆ ಸಿಕ್ಕಿಕೊಂಡಿತು, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಲ್ಲೇ ಕೆಮ್ಮುತ್ತ ಓಡಾಡತೊಡಗಿದವು. ಸಾಲದ್ದಕ್ಕೆ ಒಂದು ಬೆಳಿಗ್ಗೆ ನಮ್ಮ ಗಿರಣಿಯ ಎಂಜಿನ್ನು ದಡಾರೆಂದು ಸದ್ದು ಮಾಡಿ ನಿಂತುಬಿಟ್ಟಿತು. ಒಳಗಿನ ಉಕ್ಕಿನ ದಂಡವೇ ಮುರಿದಿತ್ತು. ಅದು ಸೀಮೆಯಿಂದ ಬರಬೇಕು; ಸೀಮೆಯಿಂದ ಹಡಗೇ ಬರುತ್ತಿರಲಿಲ್ಲ. ಅಣ್ಣ ಹಾಸನ, ಚನ್ನರಾಯಪಟ್ಟಣ ಎಲ್ಲ ಅಲೆದು ಬಂದ. ಬಂದವನು ಊಟಕ್ಕೂ ಕೂರದೆ ನೇರವಾಗಿ ಷೆಡ್ಡಿಗೆ ಬಂದು ನನ್ನ ಕಾರಿನ ಮುಂದೆ ನಿಂತ. ಅವನ ಕಣ್ಣು ಎಂಜಿನ್ನಿನ ಮೇಲೆ ಬಿತ್ತು.

"ಬಿಚ್ಲಾ ಇದ್ನ," ಎಂದ ಅಣ್ಣ. "ಗಿರಣಿಗೆ ಕೂರ್ಸಾನ. ಇದ್ದಿಲ ಗ್ಯಾಸಲ್ಲಿ ಓಡ್ತದಂತೆ."

"ಇದು ಕಾರು ಕಣಣ್ಣ."

"ಕಾರೋ ಗೀರೋ. ಅಕ್ಕಿ ಕೇರೋ ಎಂಗಸ್ರು ದಿನಾ ಬಂದು ಬಾಗ್ಲಲ್ಲಿ ಕುಂತ್ಕಂಡು ಓಯ್ತಾವ್ರೆ. ಅವರ್ಗೆ ನಾನೇನು ಯೋಳ್ಲಿ? ನನ್ ತಮ್ಮ ಆಟ ಆಡ್ತಾವ್ನೆ, ಮುಗೀಲಿ ತಡೀರವ್ವಾ ಅನ್ಲಾ?"

ಅಣ್ಣ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಅವನು ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಮಲ್ಲಿಪಟ್ಟಣದ ಕಡೆಗೆ ಓಡಿದೆ. ಕಾಫಿ ಕೇಳುವವರಿಲ್ಲದೆ ಸಾಹುಕಾರರ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಎಂಜಿನ್ನು ಸುಮ್ಮನೆ ಕೂತಿತ್ತು, ಅದು ನನಗೆ ಗೊತ್ತಿತ್ತು. ಮಗ ರಜಕ್ಕೆ ಬಂದಿದ್ದ. ಅವನೆದುರು ನಾಚಿಕೆ ಬಿಟ್ಟು ಕೇಳಿದೆ.

ಅವನು, "ಸುಮ್ನೆ ಕೊಟ್ರೆ ನಮ್ಮಪ್ಪ ಬಯ್ತಾರೆ. ಪಂದ್ಯದಲ್ಲಿ ಸೋತೆ ಅಂದ್ರೆ ನಗ್ತಾರೆ," ಎಂದ. "ವಿಜಯದಶಮಿ ದಿನ ನಿಮ್ಮೂರಿಗೆ ಬರ್ತೀನಿ. ಗೆದ್ರೆ ಆ ಎಂಜಿನ್ ನಿಂದು. ಪೆಟ್ರೋಲ್ ನಾನೇ ತರ್ತೀನಿ, ಇಬ್ರಿಗೂ ಒಂದೇ ಟಿನ್ನಿಂದು."

ಅಣ್ಣ ಅಲ್ಲಿಯವರೆಗೆ ತಡೆಯಲು ಒಪ್ಪಿದ. ಗೆದ್ದರೆ ಗಿರಣಿಗೆ ತೋಟದ ಎಂಜಿನ್ನು, ನನ್ನ ಕಾರು ನನಗೆ. ಸೋತರೆ ಅವತ್ತು ಸಂಜೆಯೇ ಸ್ಪ್ಯಾನರು ಹಿಡಿದು ನಾನೇ ಬಿಚ್ಚಬೇಕು. ಆಮೇಲೆ ನನಗೆ ಅನ್ನ ಸೇರಲಿಲ್ಲ. ಬಸ್ಸಿನ ಡ್ರೈವರನ್ನು ಕಾಡಿಬೇಡಿ ಒಂದು ಬಾಟಲಿ ಪೆಟ್ರೋಲು ತಂದು ಪರೀಕ್ಷೆ ಮಾಡಿದೆ. ಗಿರಣಿಯ ಅಂಗಳದಲ್ಲಿ ಕಾರು ಒಂದೇ ನೆಗೆತಕ್ಕೆ ಭತ್ತದ ಕಣದ ಆ ತುದಿ ಮುಟ್ಟಿತು. ಬಾಗಿಲಲ್ಲಿ ಕೂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಅವ್ವ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಬಾಟಲಿ ಬರಿದಾಯಿತು. ಇನ್ನು ಪಂದ್ಯದ ದಿನವೇ ಪೆಟ್ರೋಲಿನ ಮುಖ ನೋಡುವುದು ಎಂದುಕೊಂಡು ಷೆಡ್ಡಿಗೆ ತಳ್ಳಿದೆ.

ಅವ್ವನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಯಾರು ಹೊಸ್ತಿಲು ದಾಟಿ ಹೊರಟರೂ ಅವಳು ವಿಭೂತಿ ಗಟ್ಟಿ ಹಿಡಿದು ಅಡ್ಡ ನಿಲ್ಲುತ್ತಿದ್ದಳು. ಹಣೆಗೆ ಮೂರು ಗೆರೆ, ಬಾಯಿಗೆ ಒಂದು ಚಿಟಿಕೆ. ಕನಸು ಕಂಡು ಬೆದರಿದ ಮಗುವಿಗೂ ಅಷ್ಟೇ, ಜ್ವರದವರಿಗೂ ಅಷ್ಟೇ, ಹಾಸನದ ಕೋರ್ಟಿಗೆ ಹೋಗುವ ಅಣ್ಣನಿಗೂ ಅಷ್ಟೇ. ಹಣೆಯದು ಊರಿಗೆ ಕಾಣಲಿಕ್ಕೆ, ಬಾಯಿಯದು ಜೀವ ಕಾಯಲಿಕ್ಕೆ ಎಂದು ಅವಳ ನಂಬಿಕೆ.

ಆಯುಧಪೂಜೆ ಬಂತು. ಕುಡುಗೋಲು, ಕೊಡಲಿ, ತಕ್ಕಡಿ, ಸೇರು, ಪಾವು, ನನ್ನ ಸ್ಪ್ಯಾನರುಗಳು, ಎಲ್ಲವನ್ನೂ ತೊಳೆದು ಸಾಲಾಗಿಟ್ಟೆವು. ಪೂಜೆಗೆ ಇಟ್ಟ ಮೇಲೆ ಮಾರನೆಯ ಬೆಳಿಗ್ಗೆವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ. ಅವ್ವ ಆರತಿ ತಟ್ಟೆ ಹಿಡಿದು ಷೆಡ್ಡಿಗೆ ಬಂದವಳು ಕಾರಿನ ಸುತ್ತ ಎರಡು ಸುತ್ತು ಬಂದು ನಿಂತಳು.

"ಎಲ್ಲಿಗ್ಲಾ ಅಚ್ಲಿ ವಿಭೂತಿಯ? ಅಣೆನೇ ಇಲ್ವಲ್ಲ ಇದ್ಕೆ!"

ನಿಜ. ಬಾನೆಟ್ಟು ಗೋಡೆಗೆ ಒರಗಿತ್ತು. ನನ್ನ ತಲೆಯಲ್ಲಿ ಮಾರನೆಯ ದಿನದ ರಸ್ತೆ ಬಿಟ್ಟು ಬೇರೇನೂ ಇರಲಿಲ್ಲ. "ಎಲ್ಲಿಗಾರಾ ಅಚ್ಚವ್ವ," ಎಂದು ಹೇಳಿ, ಫರ್ಲಾಂಗು ಕಲ್ಲುಗಳ ನಡುವೆ ಗುಂಡಿಗಳಿವೆಯೇ ನೋಡಿ ಬರಲು ಹೊರಟುಹೋದೆ.

ವಿಜಯದಶಮಿಯ ಬೆಳಿಗ್ಗೆ ಅವ್ವ ನನ್ನ ಹಣೆಗೆ ಬಳಿದು, ಬಾಯಿಗೆ ಚಿಟಿಕೆ ಹಾಕಿದಳು. ಕಾರಿನ ತುಂಬ ಹೂವಿತ್ತು. ಆಲಿಕೆಯ ಬಾಯಿಗೆ ಸಿಕ್ಕಿಸಿದ್ದ ದಾಸವಾಳವನ್ನು ತೆಗೆದು ಕಣ್ಣಿಗೊತ್ತಿಕೊಂಡೆ. ಗಿರಣಿಯ ಎತ್ತುಗಳನ್ನು ಹೂಡಿ, ಕಾರನ್ನು ಹಾಸನದ ರಸ್ತೆಗೆ ಎಳೆಸಿಕೊಂಡು ಹೋದೆವು. ಊರು ದಾಟಿದ ಮೇಲೆ ಅಲ್ಲೊಂದು ಕಡೆ ರಸ್ತೆ ದಾರ ಹಿಡಿದ ಹಾಗೆ ನೆಟ್ಟಗಿತ್ತು. ಅರ್ಧ ಊರು ಅಲ್ಲಿಗೇ ಬಂದಿತ್ತು. ಸಾಹುಕಾರರ ಮಗ ಮಾತು ಕೊಟ್ಟ ಹಾಗೆ ಟಿನ್ನು ತಂದಿದ್ದ. ಎಲ್ಲರ ಮುಂದೆ ಇಬ್ಬರ ಕಾರಿಗೂ ಹುಯ್ದ. ನನ್ನ ಕಾರು ಹಿಡಿಕೆಯ ಮೊದಲ ತಿರುವಿಗೇ ಶುರುವಾಗಿ ಗುರುಗುಟ್ಟಿತು. ಆ ಸದ್ದು ಕೇಳಿ ನನಗೆ ಅಳು ಬರುವಷ್ಟು ಸಂತೋಷವಾಯಿತು. ದೂರದ ಕಲ್ಲಿನ ಹತ್ತಿರ ಅಣ್ಣ ನಿಂತಿದ್ದ. ಟವೆಲ್ಲು ಬೀಸಿದ.

ಕಾಲು ಒತ್ತಿದೆ. ಕಾರು ಒಂದು ಸಲ ಜಗ್ಗಿ, ಉಸಿರು ಕಟ್ಟಿದ ಹಾಗೆ ಬಿಕ್ಕಿತು. ಪೂರ್ತಿ ಒತ್ತಿದೆ. ಇನ್ನೂ ಬಿಕ್ಕಿತು. ಕಾಲು ಸಡಿಲಿಸಿದರೆ ಗುರುಗುಟ್ಟುತ್ತದೆ, ಒತ್ತಿದರೆ ಸಾಯುತ್ತದೆ. ಪಕ್ಕದ ಕಾರು ಧೂಳೆಬ್ಬಿಸಿ ಹೋಯಿತು. ನಾನು ಓಡು ಓಡು ಎಂದು ಕೂಗುತ್ತ ಸ್ಟಿಯರಿಂಗಿಗೆ ಗುದ್ದುತ್ತಿದ್ದೆ. ಮೊದಲ ಫರ್ಲಾಂಗು ಕಲ್ಲಿನ ಹತ್ತಿರ ಹುಡುಗರು ನನ್ನ ಕಾರಿನ ಪಕ್ಕದಲ್ಲಿ ಓಡಿ, ಅದನ್ನು ಹಿಂದೆ ಹಾಕಿದರು.

ಸಾಹುಕಾರರ ಮಗ ತಿರುಗಿ ಬಂದು, "ಇನ್ನೊಂದ್ಸಲ ನೋಡೋಣ ಬಾ," ಎಂದ. ಆ ದೊಡ್ಡತನ ನನ್ನನ್ನು ಇನ್ನಷ್ಟು ಸುಟ್ಟಿತು. ಇನ್ನೊಂದು ಸಲವೂ ಅದೇ ಆಯಿತು. "ಸೀಮೆಎಣ್ಣೆ ಬೆರೆಸಿದ್ದೀಯ!" ಎಂದು ಅವನ ಅಂಗಿ ಹಿಡಿದೆ. ಅವನು ಟಿನ್ನಿನಲ್ಲಿ ಉಳಿದದ್ದನ್ನು ತನ್ನ ಕಾರಿಗೆ ಹುಯ್ದುಕೊಂಡು, ಶುರು ಮಾಡಿ, ಮಲ್ಲಿಪಟ್ಟಣದ ದಾರಿ ಹಿಡಿದ. ಅವನ ಕಾರು ಬಿಕ್ಕಲಿಲ್ಲ.

ಎತ್ತುಗಳು ನನ್ನ ಕಾರನ್ನು ವಾಪಸು ಎಳೆದವು. ನಾನು ಸ್ಟಿಯರಿಂಗು ಹಿಡಿದು ಕೂತೇ ಬಂದೆ, ಇಳಿದು ನಡೆಯುವ ಧೈರ್ಯವಿರಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ: ನನ್ನ ಕೈಯಿಂದ ಏನು ತಪ್ಪಿತು? ಯಾವ ನಟ್ಟು, ಯಾವ ತಂತಿ? ಕೆರೆಗೆ ಬಿದ್ದು ಸಾಯಬೇಕು ಅನ್ನಿಸಿತು. ಸುಳ್ಳೇಕೆ ಹೇಳಲಿ, ನಿಜವಾಗಿಯೂ ಅನ್ನಿಸಿತು.

ಅವತ್ತು ಸಂಜೆ ಬಿಚ್ಚಿದೆ. ಅಣ್ಣ ಪಕ್ಕದಲ್ಲಿ ಕೂತು ನಟ್ಟುಗಳನ್ನು ತೆಗೆದುಕೊಳ್ಳುತ್ತಿದ್ದ. ಅವನು ಹಗ್ಗ ತರಲು ಎದ್ದು ಹೋದಾಗ ಕಾರ್ಬುರೇಟರನ್ನು ಕಳಚಿ, ಪೆಟ್ರೋಲು ಚಿಮ್ಮುವ ಸೂಜಿಕಂಡಿಯನ್ನು ಬೆಳಕಿಗೆ ಹಿಡಿದೆ. ಬೆಳಕು ಕಾಣಲಿಲ್ಲ. ಆಲಿಕೆಯ ಬುಡದಲ್ಲಿ ಬಿಳಿಯ ಗಾರೆ ಕಟ್ಟಿತ್ತು. ಬೆರಳಲ್ಲಿ ಕೆರೆದೆ. ಮೂಸಿದೆ. ಪೆಟ್ರೋಲಿನ ವಾಸನೆಯ ಅಡಿಯಲ್ಲಿ ಹುಟ್ಟಿದಾಗಿನಿಂದ ನನಗೆ ಗೊತ್ತಿದ್ದ ವಾಸನೆ.

ಹಣೆ ಇರಲಿಲ್ಲ. ಬಾಯಿ ಇತ್ತು. ಆಕಾಶ ನೋಡುವ ಹಾಗೆ ನಾನೇ ತೆರೆದಿಟ್ಟ ಬಾಯಿ. ಅಷ್ಟು ದೊಡ್ಡ ಪ್ರಾಣಿಗೆ ಒಂದು ಚಿಟಿಕೆ ಎಲ್ಲಿ ಸಾಕಾದೀತು? ಅವ್ವ ಹಿಡಿಯಷ್ಟು ವಿಭೂತಿ ಹಾಕಿ, ಒಳಕ್ಕೆ ಇಳಿಯಲೆಂದು ಮೇಲೆ ನಾಲ್ಕು ಹನಿ ನೀರು ಬಿಟ್ಟು, ಹೂವು ಮುಡಿಸಿದ್ದಳು.

ಅವಳ ಮುಂದೆ ಹೋಗಿ ಕೂಗಾಡಬೇಕು ಎಂದು ಎದ್ದೆ. ಬಾಗಿಲಲ್ಲಿ ಅವಳೇ ನಿಂತಿದ್ದಳು.

"ಸೋತ್ರೆ ಸೋಲ್ಲಿ ಬುಡಪ್ಪ," ಎಂದಳು. "ನೀನು ಜೀವ್ವಾಗಿ ಬಂದ್ಯಲ್ಲ. ನಾನು ಬೇಡ್ಕಂಡಿದ್ದೂ ಅಷ್ಟೇಯ."

ಕಾರ್ಬುರೇಟರನ್ನು ಸೀಮೆಎಣ್ಣೆಯ ಬಟ್ಟಲಲ್ಲಿ ಮುಳುಗಿಸಿದೆ. ಎಣ್ಣೆ ಹಾಲಿನಂತಾಯಿತು. ಅವಳಿಗೆ ಕಾಣದ ಹಾಗೆ ಚರಂಡಿಗೆ ಚೆಲ್ಲಿದೆ.

ಇದ್ದಿಲ ಒಲೆ ಕಟ್ಟಿ, ಎಂಜಿನ್ನನ್ನು ಗಿರಣಿಯ ಕಟ್ಟೆಯ ಮೇಲೆ ಕೂರಿಸಿದ ದಿನ ಅಕ್ಕಿ ಕೇರುವ ಹೆಂಗಸರೆಲ್ಲ ಮೊರ ಹಿಡಿದು ಬಂದಿದ್ದರು. ಮೊದಲು ಪೆಟ್ರೋಲಿನಲ್ಲಿ ಶುರು ಮಾಡಿ ಆಮೇಲೆ ಗ್ಯಾಸಿಗೆ ತಿರುಗಿಸಬೇಕಾದ್ದರಿಂದ ಕಾರ್ಬುರೇಟರನ್ನು ಆ ಆಲಿಕೆಯ ಸಮೇತ ಹಾಗೇ ಬಿಟ್ಟಿದ್ದೆ. ಹಿಡಿಕೆ ತಿರುಗಿಸಲು ಬಗ್ಗಿದವನು ಬಳೆಯ ಸದ್ದು ಕೇಳಿ ತಲೆಯೆತ್ತಿದೆ. ಅವ್ವ ವಿಭೂತಿಯ ಬಟ್ಟಲು ಹಿಡಿದು, ಆಲಿಕೆಯ ಕಡೆಗೇ ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ನೀರಿನ ಗಿಂಡಿ.

ನಾನು ಆಲಿಕೆಯ ಮೇಲೆ ಅಂಗೈ ಇಟ್ಟು ಅಡ್ಡ ನಿಂತೆ.

"ಅದ್ಕೆ ಬ್ಯಾಡ ಕಣವ್ವ. ಅದಿನ್ನೆಲ್ಲಿಗೂ ಓಗಲ್ಲ," ಎಂದೆ. "ನಂಗೇ ಆಕು."

ಎಲ್ಲರೂ ನೋಡುತ್ತಿದ್ದ ಹಾಗೆಯೇ ಬಾಯಿ ತೆರೆದೆ. ಅವಳು ಬೆರಳ ತುದಿಯಲ್ಲಿ ಒಂದು ಚಿಟಿಕೆ ಇಟ್ಟಳು. ಅದನ್ನು ನುಂಗಿ, ಹಿಡಿಕೆ ತಿರುಗಿಸಿದೆ. ಒಂದೇ ತಿರುವಿಗೆ ಎಂಜಿನ್ನು ಶುರುವಾಯಿತು, ಬಿಕ್ಕಲಿಲ್ಲ.