ದೆವ್ವಕ್ಕೆ ದನಿ ಕೊಟ್ಟ ವಾರ

ತೊಂಬತ್ತರ ದಶಕ ಮುಗಿಯುವ ಹೊತ್ತಿನಲ್ಲಿ ನಾನು ಮದರಾಸಿನಲ್ಲಿ ಒಂದು ವಾರ ದೆವ್ವಕ್ಕೆ ದನಿ ಕೊಟ್ಟೆ. ಊರಿಗೆ ಆಗಲೇ ಚೆನ್ನೈ ಎಂದು ಹೆಸರಾಗಿತ್ತು, ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಮದರಾಸೇ.

ನಮ್ಮ ಯಜಮಾನರಿಗೆ ಪುರಸೈವಾಕ್ಕಂನಲ್ಲಿ ಪಾತ್ರೆ ಅಂಗಡಿ. ಮಾವನವರ ಕಾಲಕ್ಕೇ ತುಮಕೂರಿನ ಕಡೆಯಿಂದ ಬಂದ ಕುಟುಂಬ. ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡನೇ ಮಹಡಿಯ ಮನೆ. ಅಲ್ಲಿ ನಾನು, ಅವರು, ಹತ್ತು ವರ್ಷದ ಮಗಳು ಮತ್ತು ಯಜಮಾನರ ಅಕ್ಕ. ಅವರನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ.

ಅಕ್ಕನ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತೊಂದಿತ್ತು. ಮದುವೆಯಾದ ಮೂರನೇ ವರ್ಷ ಅವರ ಎಳೆಗೂಸು ತೀರಿಕೊಂಡಿತು. ಆಮೇಲೆ ಅವರು ಮಾತು ನಿಲ್ಲಿಸಿಬಿಟ್ಟರು, ಊಟ ಬಿಟ್ಟರು, ಹಿತ್ತಿಲ ಕಲ್ಲಿನ ಮೇಲೆ ಕೂತಲ್ಲೇ ಕೂತಿರುತ್ತಿದ್ದರು. ಗಂಡನ ಮನೆಯವರು ಅವರನ್ನು ಬೇರೊಂದು ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ವರ್ಷ ಅಲ್ಲಿದ್ದರು, ಗಂಡ ತಿರುಗಿಯೂ ನೋಡಲಿಲ್ಲ. ಮಾವನವರು ತೀರಿಹೋದ ಮೇಲೆ ನಮ್ಮ ಯಜಮಾನರು ಹೋಗಿ ಕರೆದುಕೊಂಡು ಬಂದರು. ನಾನು ಸೊಸೆಯಾಗಿ ಬಂದಾಗ ಅಕ್ಕ ಸೊಪ್ಪು ಬಿಡಿಸುತ್ತಾ, ಹೂ ಕಟ್ಟುತ್ತಾ ಎಲ್ಲರ ಹಾಗೇ ಇದ್ದರು. ಊಟವಾದ ಮೇಲೆ ಎರಡು ಮಾತ್ರೆ ನುಂಗುತ್ತಿದ್ದರು, ಅಷ್ಟೇ. ಆ ನಾಲ್ಕು ವರ್ಷದ ಬಗ್ಗೆ ಕೇಳಬಾರದು ಎಂದು ಯಜಮಾನರು ಮೊದಲ ವಾರದಲ್ಲೇ ಹೇಳಿದ್ದರು.

ನಾನು ದನಿ ಕೊಡುವ ಕೆಲಸಕ್ಕೆ, ಅಂದರೆ ಡಬ್ಬಿಂಗಿಗೆ, ಬಂದದ್ದು ಕನ್ನಡ ಸಂಘದ ನಾಟಕದಿಂದ. ನಾಟಕ ನೋಡಿದ ಒಬ್ಬರು, ಕೋಡಂಬಾಕ್ಕಂನ ಸ್ಟುಡಿಯೋದಲ್ಲಿ ಕನ್ನಡ ಬರುವ ಹೆಂಗಸರು ಬೇಕಂತೆ ಎಂದರು. ಹೋದೆ. ಎರಡು ಮೂರು ವರ್ಷ ಗುಂಪಿನಲ್ಲಿ ಕೂಗುವ ಹೆಂಗಸು, ಹೆರಿಗೆ ಕೋಣೆಯಿಂದ ಹೊರಗೆ ಬರುವ ನರ್ಸು, ಯಾರದೋ ಹೆಣದ ಮುಂದೆ ಅಳುವ ಅತ್ತೆ, ಇಂಥವೇ ಸಿಕ್ಕವು. ಬಸ್ಸಿನಲ್ಲಿ ನಿಂತು ಹೋಗುವುದು, ಬಸ್ಸಿನಲ್ಲಿ ನಿಂತು ಬರುವುದು. ಆದರೂ ಅದು ನನ್ನದು ಅನ್ನಿಸುತ್ತಿತ್ತು. ಪಾತ್ರೆ ಅಂಗಡಿಗೂ ಅಡುಗೆಮನೆಗೂ ಸೇರದ ಒಂದೇ ಒಂದು ಜಾಗ.

ಆ ಬೇಸಿಗೆಯಲ್ಲಿ ಬಂದದ್ದು ದೆವ್ವದ ಸಿನಿಮಾ. ನಿರ್ದೇಶಕರು ಚಿತ್ರದುರ್ಗದ ಕಡೆಯವರು. ಇಪ್ಪತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ತಲೆ ನರೆತ ಮೇಲೆ ಸಿಕ್ಕ ಮೊದಲ ಚಿತ್ರ. ಮದುವೆಗೆ ಹೊರಟ ಏಳು ಜನರ ವ್ಯಾನು ಮಳೆಯಲ್ಲಿ ಕೆಟ್ಟು ನಿಲ್ಲುತ್ತದೆ. ಅವರು ಪಾಳುಬಿದ್ದ ಹುಚ್ಚಾಸ್ಪತ್ರೆಯೊಳಗೆ ಹೋಗುತ್ತಾರೆ. ಅಲ್ಲೇ ಸತ್ತ ರೋಗಿ ಹೆಂಗಸೊಬ್ಬಳ ದೆವ್ವ ಒಬ್ಬೊಬ್ಬರನ್ನಾಗಿ ಮುಗಿಸುತ್ತದೆ. ಇಷ್ಟೇ ಕಥೆ. ಆಸ್ಪತ್ರೆ ಎಂದರೆ ಊರಾಚೆಯ ಹಳೆಯ ಉಪ್ಪಿನ ಗೋದಾಮು. ಮಳೆಗೆ ನೀರಿನ ಲಾರಿ ತರಿಸಿದ್ದರಂತೆ. ನಾವು ಅದೇ ತಿಂಗಳಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದು ಲಾರಿಗೆ ಕಾದು ನಿಲ್ಲುತ್ತಿದ್ದೆವು. ಪರದೆಯ ಮೇಲೆ ಆ ಮಳೆ ಸುರಿಯುವುದನ್ನು ನೋಡಿದಾಗ ನನಗೆ ಹೆದರಿಕೆಯಾಗಲಿಲ್ಲ, ಹೊಟ್ಟೆ ಉರಿಯಿತು.

ನಾಯಕಿಗೆ ಕನ್ನಡ ಬರುತ್ತಿರಲಿಲ್ಲ. ಚಿತ್ರೀಕರಣದಲ್ಲಿ ತಮಿಳಿನಲ್ಲೇ ಮಾತಾಡಿದ್ದಳು. ಅವಳಿಗೂ ದೆವ್ವಕ್ಕೂ ನಾನೇ ದನಿ. ಒಂದೇ ದೃಶ್ಯದಲ್ಲಿ ನಾನೇ ಅಟ್ಟಿಸಿಕೊಂಡು ಹೋಗಬೇಕು, ನಾನೇ ಓಡಬೇಕು. ಅವಳು ಬಾಗಿಲು ಬಡಿಯುತ್ತಾ 'ಕದವ ತೊರಂಗ' ಎಂದಿದ್ದಳು. ಬರೆದುಕೊಟ್ಟ 'ಬಾಗಿಲು ತೆಗೀರಿ' ಅವಳ ತುಟಿಗೆ ಕೂರಲೇ ಇಲ್ಲ. ಹನ್ನೊಂದು ಸಲ ಹೇಳಿದ ಮೇಲೆ ನಾನೇ 'ಕದ ತೆಗೀರಿ' ಎಂದೆ. ಕೂತುಬಿಟ್ಟಿತು. ನಿರ್ದೇಶಕರು ಗಾಜಿನ ಗೋಡೆಯಾಚೆಯಿಂದ, "ಮೇಡಂ, ನೀವು ನಮ್ಮ ಮಾನ ಉಳಿಸಿದ್ರಿ," ಎಂದರು. ಸಂತೋಷಪಡುವಷ್ಟು ತ್ರಾಣ ನನಗಿರಲಿಲ್ಲ.

ಮನೆಯಲ್ಲಿ ಇದು ಯಾವ ಸಿನಿಮಾ ಎಂದು ನಾನು ಹೇಳಿರಲಿಲ್ಲ. ಅಕ್ಕ ಕೇಳಿದಾಗ ಭಕ್ತಿ ಚಿತ್ರ ಎಂದಿದ್ದೆ. ನಾನು ಕದ ಹಾಕಿಕೊಂಡು ಅಭ್ಯಾಸ ಮಾಡಿದ್ದನ್ನು ಕೇಳಿಸಿಕೊಂಡಿದ್ದ ಮಗಳು ಮೂರನೇ ದಿನ ಊಟ ಮಾಡುತ್ತಾ, "ಅತ್ತೈ, ಅಮ್ಮಾ ಪೇಯ್‌ಕ್ಕು ವಾಯ್ಸ್ ಕುಡುಕ್ಕಿರಾಂಗ," ಎಂದುಬಿಟ್ಟಳು. ಅಮ್ಮ ದೆವ್ವಕ್ಕೆ ದನಿ ಕೊಡ್ತಾಳೆ ಅಂತ. ಅಕ್ಕ ನಕ್ಕರು. "ಅದಕ್ಕೇ ಗಂಟಲು ಹಿಂಗಾಗಿರೋದು," ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಿಸಿ ಸಾರು ಹಾಕಿದರು. ದೆವ್ವ ಎಲ್ಲಿಯದು ಎಂದು ಅವರು ಕೇಳಲಿಲ್ಲ. ಸದ್ಯ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ದನಿ ಪೂರ್ತಿ ಒಡೆದಿತ್ತು. ಮೈ ಬಿಸಿಯಾಗಿತ್ತು. ಅಕ್ಕ ಮೆಣಸಿನ ಕಷಾಯ ಕಾಸಿ ಫ್ಲಾಸ್ಕಿಗೆ ಹಾಕಿ, ತಾವೂ ಸೀರೆ ಬದಲಾಯಿಸಿಕೊಂಡು ನಿಂತರು.

"ನಾನೂ ಬರ್ತೀನಿ. ನೀನು ಹಿಂಗೆ ಹೋದ್ರೆ ಬಸ್ಸಲ್ಲೇ ಬಿದ್ದುಹೋಗ್ತೀಯ."

"ಬೇಡಕ್ಕ, ಅಲ್ಲಿ ನಿಮಗೆ ಬೇಜಾರು."

"ಇಲ್ಲಿ ಮಾತ್ರ ಏನು ಜಾತ್ರೆ ನಡೀತಿದ್ಯಾ? ನಡಿ."

ವಾದ ಮಾಡಲು ಗಂಟಲಿರಲಿಲ್ಲ. ಅವರನ್ನು ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಮೈಕಿನ ಮುಂದೆ ಹೋಗಿ ನಿಂತೆ. ಅರ್ಧ ಗಂಟೆಯ ಮೇಲೆ ತಲೆಯೆತ್ತಿ ನೋಡಿದರೆ ಗಾಜಿನಾಚೆ, ನಿರ್ದೇಶಕರ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ಹೊರಗೆ ಸೆಕೆ ಎಂದು ಧ್ವನಿಮುದ್ರಣ ಮಾಡುತ್ತಿದ್ದವರು ಮರ್ಯಾದೆಯಿಂದ ಒಳಗೆ ಕರೆದು ಕೂರಿಸಿದ್ದರು. ಪರದೆಯ ಮೇಲೆ ಕಂಬಿಗಳ ಕೋಣೆ, ಗೋಡೆಗೆ ಕಟ್ಟಿದ ಸರಪಳಿ, ಬಿಳಿ ಬಟ್ಟೆಯ ಹೆಂಗಸರು ತಲೆ ಕೆದರಿಕೊಂಡು ಹಲ್ಲು ಕಿಸಿಯುತ್ತಿದ್ದರು. ಅವರ ಮಧ್ಯದಿಂದ ದೆವ್ವ ಎದ್ದು ಬರಬೇಕು. ನಾನು ಕಿರುಚಬೇಕು.

ನನಗೆ ಕಿರುಚಲಾಗಲಿಲ್ಲ. ಗಂಟಲು ಕೆಟ್ಟಿದೆ ಎಂದು ಕೈಸನ್ನೆ ಮಾಡಿದೆ. ಅದು ಅರ್ಧ ಸುಳ್ಳು.

ಎಲ್ಲರೂ ಟೀ ಕುಡಿಯಲು ಹೊರಗೆ ಬಂದೆವು. ಅಕ್ಕ ನನಗೆ ಕಷಾಯ ಬಗ್ಗಿಸಿ ಕೊಟ್ಟು, ನಿರ್ದೇಶಕರ ಕಡೆ ತಿರುಗಿ ತೀರಾ ಸಹಜವಾಗಿ ಹೇಳಿದರು:

"ಅಲ್ಲಿ ಹಂಗೆ ಯಾರೂ ಕಿರುಚಲ್ಲ ಸಾರ್."

"ಎಲ್ಲಿ ಅಮ್ಮ?"

"ಆಸ್ಪತ್ರೇಲಿ. ನಾನು ನಾಕು ವರ್ಷ ಇದ್ದೆ."

ಟೀ ಲೋಟ ಹಿಡಿದವರೆಲ್ಲ ಅಕ್ಕನ ಕಡೆ ತಿರುಗಿದರು. ಈ ಜನ ನಾಳೆ ನಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೋ, ಅಂಗಡಿಯವರೆಗೆ ಸುದ್ದಿ ಹೋದರೆ, ನಾಳೆ ಮಗಳನ್ನು ಕೇಳಿಕೊಂಡು ಬರುವವರು... ಹತ್ತು ವರ್ಷದ ಹುಡುಗಿಯ ಮದುವೆಯವರೆಗೂ ಆ ಒಂದು ಕ್ಷಣದಲ್ಲಿ ಮನಸ್ಸಿನಲ್ಲೇ ಓಡಿಬಿಟ್ಟೆ. ಅಕ್ಕನ ತೋಳು ಹಿಡಿದು, "ಮನೆಗೆ ಹೋಗೋಣ," ಎಂದೆ. ಅವರು ಕದಲಲಿಲ್ಲ.

ನಿರ್ದೇಶಕರು ಮೆಟ್ಟಿಲಿನ ಮೇಲೆ ಕೂತರು. "ಮತ್ತೆ ಏನು ಮಾಡ್ತಾರೆ ಅಮ್ಮ?" ಎಂದು ಕೇಳಿದರು. ಗೇಲಿ ಇರಲಿಲ್ಲ.

"ಕಿರುಚಿದ್ರೆ ಸೂಜಿ ಹಾಕ್ತಾರೆ. ಎರಡು ದಿನ ತಲೆ ಎತ್ತೋಕ್ಕಾಗಲ್ಲ. ಅದಕ್ಕೆ ಎಲ್ಲಾರೂ ಸುಮ್ಮನೆ ಇರೋದು ಕಲಿತ್ಕೊಂಡಿರ್ತಾರೆ. ಭಾನುವಾರ ಸ್ನಾನ ಮಾಡಿ, ತಲೆ ಬಾಚ್ಕೊಂಡು, ಗೇಟ್ ಕಾಣೋ ಕಡೆ ಸಾಲಾಗಿ ಕೂತ್ಕೋತೀವಿ. ಯಾರಾದ್ರೂ ನರ್ಸಮ್ಮ ಹೋದ್ರೆ ಕೇಳ್ತೀವಿ, ನಮ್ಮನೆಯವರು ಬಂದ್ರಾ ಅಂತ. ಅಷ್ಟೇ. ಕೂದಲು ಬಿಟ್ಕೊಂಡು ಓಡಾಡೋಕೆ ಅಲ್ಲಿ ಕೂದಲೆಲ್ಲಿತ್ತು? ಹೇನು ಅಂತ ಕತ್ತರಿಸಿಬಿಡೋರು."

ನಿರ್ದೇಶಕರು ಉಳಿದ ಟೀ ಚೆಲ್ಲಿದರು. ಆಮೇಲೆ ಎದ್ದು, ಮತ್ತೆ ಚಿತ್ರೀಕರಣ ಮಾಡಲು ತಮ್ಮಿಂದ ಸಾಧ್ಯವಿಲ್ಲ, ಆದರೆ ಕೊನೆಯ ದೃಶ್ಯದಲ್ಲಿ ದೆವ್ವದ ಬೆನ್ನು ಮಾತ್ರ ಕಾಣುತ್ತದೆ, ತುಟಿ ಕಾಣುವುದಿಲ್ಲ, ಅಲ್ಲಿ ಮಾತು ಬದಲಾಯಿಸಬಹುದು ಎಂದರು. "ಆ ಮಾತನ್ನ ನೀವೇ ಹೇಳ್ತೀರಾ ಅಮ್ಮ?"

ಬೇಡ ಎನ್ನಲು ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಅಕ್ಕ ಆಗಲೇ ಸೆರಗು ಸರಿಮಾಡಿಕೊಂಡು ಒಳಗೆ ನಡೆದಿದ್ದರು.

ಈ ಸಲ ಗಾಜಿನ ಈಚೆ ನಾನು, ಆಚೆ ಅಕ್ಕ. ಮೈಕು ಅವರಿಗೆ ಎತ್ತರವಾಯಿತು, ಇಳಿಸಿದರು. ದೀಪ ಆರಿತು. ಅಕ್ಕ ಪರದೆಯನ್ನು ನೋಡಲಿಲ್ಲ, ಪಕ್ಕದ ಬಾಗಿಲಿನ ಕಡೆ ನೋಡಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂತಾ ಎಂದು ವಿಚಾರಿಸುವ ದನಿಯಲ್ಲಿ, "ನಮ್ಮನೆಯವರು ಬಂದ್ರಾ?" ಎಂದರು. ಒಂದು ಉಸಿರು ಬಿಟ್ಟು ಮತ್ತೆ, "ಬರ್ಲಿಲ್ವಾ?"

ಇನ್ನೊಂದು ಟೇಕ್ ಬೇಕೆಂದು ಯಾರೂ ಕೇಳಲಿಲ್ಲ. ಧ್ವನಿಮುದ್ರಕರು ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡರು. ಅವರಿಗೆ ಕನ್ನಡ ಅರ್ಥವಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದರು. ಯಜಮಾನರಿಗೆ ಏನೂ ಹೇಳಬಾರದೆಂದು ನಾನು ಲೆಕ್ಕ ಹಾಕುತ್ತಿದ್ದೆ. ಮನೆ ಮುಟ್ಟಿದ ಕೂಡಲೇ ಅಕ್ಕನೇ ಹೇಳಿದರು, "ಇವತ್ತು ನಾನೂ ಸಿನಿಮಾದಲ್ಲಿ ಮಾತಾಡಿದೆ ಕಣೋ." ಯಜಮಾನರು ಯಾವ ಸಿನಿಮಾ ಎಂದರು. ಅಕ್ಕ ಹೇಳಿದರು. ಯಜಮಾನರು ನನ್ನ ಕಡೆ ನೋಡಿದ ನೋಟಕ್ಕೆ ನಾನು ಒಂದು ತಿಂಗಳು ಉತ್ತರ ಹುಡುಕಿದೆ. ಅವರು ಬೈಯಲಿಲ್ಲ. ಅಂಗಡಿಗೆ ಬೇಗ ಹೋಗಿ ತಡವಾಗಿ ಬರತೊಡಗಿದರು.

ಚಿತ್ರ ಬಿಡುಗಡೆಯಾಗಲು ಒಂದೂವರೆ ವರ್ಷ ಹಿಡಿಯಿತು. ಮದರಾಸಿಗೆ ಬರಲೇ ಇಲ್ಲ. ಸಂಬಂಧಿಕರ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಗೋಡೆಯ ಮೇಲೆ ಪೋಸ್ಟರ್ ನೋಡಿದ್ದು ಯಜಮಾನರೇ. "ಅಕ್ಕ ನೋಡಬೇಕು ಅಂತಿದ್ದಳಲ್ಲ," ಎಂದು ಅವರೇ ಮ್ಯಾಟಿನಿಗೆ ಕರೆದುಕೊಂಡು ಹೋದರು. ಥಿಯೇಟರಿನಲ್ಲಿ ಇಪ್ಪತ್ತು ಜನ ಇದ್ದಿರಬೇಕು. ಫ್ಯಾನು ತಿರುಗುತ್ತಿರಲಿಲ್ಲ. ಕತ್ತಲಿನಿಂದ ರಬ್ಬರಿನ ಕೈ ಬಂದಾಗ ಹಿಂದಿನ ಸಾಲಿನವರು ನಕ್ಕರು. ನನ್ನ ಕಿರುಚಾಟ ಕೇಳಿ ಯಾರೋ ಶಿಳ್ಳೆ ಹೊಡೆದರು.

ಕೊನೆಯ ದೃಶ್ಯ ಬಂತು. ಅಕ್ಕ ಮುಂದಿನ ಸೀಟು ಹಿಡಿದುಕೊಂಡು ಬಗ್ಗಿದರು. ದೆವ್ವ ಬೆನ್ನು ತಿರುಗಿಸಿ ನಿಂತಿತು. ಡೊಳ್ಳು, ಪಿಟೀಲು ಒಟ್ಟಿಗೆ ಎದ್ದವು, ಅದರ ಮೇಲೊಂದು ಚೀತ್ಕಾರ. ಅದು ನನ್ನದೂ ಅಲ್ಲ, ಎಲ್ಲಿಂದಲೋ ತಂದು ಅಂಟಿಸಿದ್ದು. ಚಿತ್ರ ಮುಗಿಯಿತು.

"ನಂದು ಎಲ್ಲಿ ಬಂತು?" ಅಕ್ಕ ಕೇಳಿದರು.

"ಬರ್ಲಿಲ್ಲ ಅಕ್ಕ. ತೆಗೆದುಬಿಟ್ಟಿದ್ದಾರೆ."

"ಓ." ಸ್ವಲ್ಪ ಹೊತ್ತು ಖಾಲಿ ಪರದೆ ನೋಡಿದರು. "ಹೋಗ್ಲಿ ಬಿಡು. ಕಾಲು ಜೋಮು ಹಿಡಿದಿದೆ, ಏಳಿಸು."

ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಯಜಮಾನರು ಮೆನು ಹಲಗೆಯನ್ನೇ ನೋಡುತ್ತಾ ಕೇಳಿದರು, "ಅವತ್ತು ನೀನು ಏನಂತ ಹೇಳಿದ್ದೆ ಅಕ್ಕ?"

ಅಕ್ಕ ಹೇಳಿದರು. ಪಾತ್ರೆಗಳ ಸದ್ದಿನಲ್ಲಿ ಅದು ಅರ್ಧ ಕೇಳಿಸಿತು, ಆದರೂ ಅವರಿಗೆ ಸಾಕಾಯಿತು. ಲೋಟ ಕೆಳಗಿಟ್ಟರು.

"ನಾನು ಎರಡು ವರ್ಷ ಬರಲೇ ಇಲ್ಲ, ಅಲ್ವಾ?"

"ಎರಡೂವರೆ."

"ಅಪ್ಪ ಹೋಗಬೇಡ ಅಂದ್ರು. ಆಮೇಲೆ ನನಗೇ... ಅಲ್ಲಿಗೆ ಬರೋಕೆ ಭಯ ಆಗ್ತಿತ್ತು ಅಕ್ಕ."

"ಗೊತ್ತು ಕಣೋ. ಕುಡಿ, ಆರಿಹೋಗ್ತದೆ."

ಐವತ್ತು ಸಮೀಪಿಸಿದ ಮನುಷ್ಯ ಹೋಟೆಲಿನ ಮಧ್ಯೆ ಕೂತು ಅತ್ತರು. ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ತಮ್ಮ ಕಾಫಿ ಮುಗಿಸಿದರು.

ನಾವು ಚಿತ್ರ ನೋಡಿ ಬಂದ ಮೇಲೆ ನಿರ್ದೇಶಕರು ಒಮ್ಮೆ ಫೋನ್ ಮಾಡಿದರು. ಕಿರುಚದ ದೆವ್ವ ಯಾವ ದೆವ್ವ ಎಂದು ಚಿತ್ರದ ಹಂಚಿಕೆದಾರರು ಹಟ ಹಿಡಿದರಂತೆ. "ಅಮ್ಮನಿಗೆ ಹೇಗೆ ಹೇಳೋದು ಗೊತ್ತಾಗಲಿಲ್ಲ ಮೇಡಂ," ಎಂದರು. ಆಮೇಲೆ ಅವರು ಧಾರಾವಾಹಿಗಳ ಕಡೆ ಹೋದರೆಂದು ಕೇಳಿದೆ. ನಾನೂ ಆ ಕೆಲಸ ಬಿಟ್ಟೆ. ಗಂಟಲು ಮೊದಲಿನ ಹಾಗಾಗಲಿಲ್ಲ.

ಬೆಂಗಳೂರಿನಿಂದ ಬಂದ ಮೇಲೆ ಅಕ್ಕ ಆ ನಾಲ್ಕು ವರ್ಷದ ಮಾತು ಆಡತೊಡಗಿದರು. ಮಧ್ಯಾಹ್ನ ಊಟವಾಗಿ ನಾವಿಬ್ಬರೂ ನೆಲಕ್ಕೆ ಒರಗಿದಾಗ, ಒಂದೊಂದು ದಿನ ಒಂದೊಂದು. ಪಕ್ಕದ ಮಂಚದವಳ ಹಾಡು, ಕತ್ತರಿಸಿದ ಜಡೆ, ನೀರಿನಂತಿದ್ದ ಮಜ್ಜಿಗೆ. ತೀರಿಹೋದ ಮಗುವಿನ ಮಾತೂ ಬರುತ್ತಿತ್ತು. ಅವರು ತೀರಿಕೊಳ್ಳುವವರೆಗೂ, ಇನ್ನೂ ಆರೇಳು ವರ್ಷ, ಅದು ನಡೆಯಿತು. ಎಲ್ಲವನ್ನೂ ಕೇಳಿಸಿಕೊಂಡೆ ಎಂದು ನಾನು ಹೇಳಿಕೊಳ್ಳಲಾರೆ. ಬೆಳಗಿನಿಂದ ಕೆಲಸ ಮಾಡಿ ಸೋತ ಮೈ. ಎಷ್ಟೋ ದಿನ ಕಣ್ಣು ಮುಚ್ಚಿ ಮಲಗಿದವಳ ಹಾಗಿರುತ್ತಿದ್ದೆ. ಅಕ್ಕನಿಗೆ ಅದು ತಿಳಿಯುತ್ತಿತ್ತು. ಮಾತು ಅಲ್ಲಿಗೇ ನಿಲ್ಲಿಸಿ, ಟೇಬಲ್ ಫ್ಯಾನನ್ನು ಗಾಳಿ ನನ್ನ ಕಡೆಗೆ ಬರುವ ಹಾಗೆ ತಿರುಗಿಸಿ, ಪಕ್ಕದಲ್ಲೇ ಮಲಗುತ್ತಿದ್ದರು.